ಸುಟ್ಟಗಾಯದ ತರಬೇತಿ ಫಲ ಕೊಟ್ಟಿತೇ? ಕೇಸ್ ಶೀಟ್ ತೆರೆದು ನೋಡುವ ಬಗೆ

ತರಬೇತಿ ಮುಗಿದ ಸಂಜೆಯೇ ಪರೀಕ್ಷೆ ಕೊಟ್ಟರೆ ಎಲ್ಲರಿಗೂ ಒಳ್ಳೆಯ ಅಂಕ ಬರುತ್ತದೆ. ಬೆಳಿಗ್ಗೆ ಕೇಳಿದ್ದು ಇನ್ನೂ ಕಿವಿಯಲ್ಲಿರುತ್ತದೆ. ನಾವು ಅಳೆಯಬೇಕಾದದ್ದು ಆರು ತಿಂಗಳ ನಂತರದ ಒಂದು ರಾತ್ರಿ ಪಾಳಿಯನ್ನು. ಬಿಸಿ ಸಾರು ಮೈಮೇಲೆ ಬಿದ್ದ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ಅಲ್ಲಿನ ಸ್ಟಾಫ್ ನರ್ಸ್ ಮೊದಲ ಒಂದು ಗಂಟೆಯಲ್ಲಿ ಏನು ಮಾಡಿದರು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಟ್ಟಗಾಯದಿಂದ ವರ್ಷಕ್ಕೆ ಸುಮಾರು 1,80,000 ಜನ ಸಾಯುತ್ತಾರೆ, ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ನಮ್ಮಲ್ಲೂ ಬೆಂಗಳೂರಿನ ವಿಕ್ಟೋರಿಯಾದಂಥ ಬರ್ನ್ಸ್ ವಾರ್ಡ್ ಮುಟ್ಟುವ ಮೊದಲು ಎಷ್ಟೋ ರೋಗಿಗಳು ಗಂಟೆಗಟ್ಟಲೆ ದಾರಿ ಸವೆಸಿರುತ್ತಾರೆ.

ಕೆಲಸ ಶುರುವಾಗಬೇಕಾದದ್ದು ತರಬೇತಿಗೆ ಮುಂಚೆ. ಹಿಂದಿನ 12 ತಿಂಗಳ ಸುಟ್ಟಗಾಯದ ಕೇಸ್ ಶೀಟ್‌ಗಳನ್ನು ತೆಗೆಸಿ. ಆಸ್ಪತ್ರೆಗೆ 30 ಸಾಕು, ಕಡಿಮೆಯಿದ್ದರೆ ಇರುವಷ್ಟೂ ಬೇಕು. ಸುಟ್ಟಗಾಯದ ಎಷ್ಟೋ ಪ್ರಕರಣಗಳು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯ-ಕಾನೂನು ಪ್ರಕರಣ) ಆಗಿ ದಾಖಲಾಗಿ ಫೈಲು ಬೇರೆ ಕಪಾಟಿಗೆ ಹೋಗಿರುತ್ತದೆ. ವಾರ್ಡಿನ ರಿಜಿಸ್ಟರ್ ಮಾತ್ರ ನೋಡಿದರೆ ತೀವ್ರವಾದ ಕೇಸುಗಳೇ ಕೈತಪ್ಪುತ್ತವೆ, ಆದ್ದರಿಂದ ಎಂಎಲ್‌ಸಿ ರಿಜಿಸ್ಟರನ್ನೂ ಕೇಳಿ ತರಿಸಿ. ಪ್ರತಿ ಶೀಟ್‌ನಲ್ಲಿ ಆರು ಸಂಗತಿ ಹುಡುಕಿ: ಸುಟ್ಟ ಗಂಟೆ, ನೀರಲ್ಲಿ ತಂಪು ಮಾಡಿದ್ದು, ತೂಕ, ಸುಟ್ಟ ಭಾಗದ ಶೇಕಡಾವಾರು, ಡ್ರಿಪ್‌ನ ಲೆಕ್ಕ, ಗಂಟೆಗಂಟೆಯ ಮೂತ್ರದ ಅಳತೆ. ‘ಇದೆ’, ‘ಇಲ್ಲ’ ಎಂದಷ್ಟೇ ಗುರುತಿಸಿ. ‘ಸುಮಾರಾಗಿದೆ’ ಎಂಬ ಕಾಲಂ ಇಟ್ಟರೆ ಒಬ್ಬೊಬ್ಬರು ಒಂದೊಂದು ರೀತಿ ತುಂಬುತ್ತಾರೆ.

ತಿಳಿವಳಿಕೆಗೆ 20 ಪ್ರಶ್ನೆಗಳ ಪರೀಕ್ಷೆಯನ್ನು ತರಬೇತಿಗೆ ಮೊದಲು, ಮುಗಿದ ದಿನ, ಮೂರನೇ ಮತ್ತು ಆರನೇ ತಿಂಗಳು ಕೊಡಿ. ವಿಷಯ ಅದೇ ಇರಲಿ, ತೂಕ ಮತ್ತು ಗಂಟೆಗಳನ್ನು ಬದಲಿಸಿ. ಆದರೆ ಹೆಚ್ಚು ಹೇಳುವುದು ಕೈಕೆಲಸದ ಪರೀಕ್ಷೆ. ಒಂದು ಮಾದರಿ ಕೇಸ್ ಇಲ್ಲಿದೆ.

ನಾಲ್ಕು ವರ್ಷದ ಮಗು, ತೂಕ 15 ಕೆಜಿ. ಬೆಳಿಗ್ಗೆ 8ಕ್ಕೆ ಬಿಸಿನೀರು ಬಿದ್ದಿದೆ, ಆಸ್ಪತ್ರೆಗೆ ಬಂದದ್ದು 11ಕ್ಕೆ. ಬೊಬ್ಬೆ ಎದ್ದ ಭಾಗ ಶೇ 20. ಮಕ್ಕಳಿಗೆ 3 ಎಂಎಲ್ ಸೂತ್ರ (ಪ್ರತಿ ಕೆಜಿ ತೂಕಕ್ಕೆ, ಸುಟ್ಟ ಪ್ರತಿ ಶೇ 1ಕ್ಕೆ 3 ಎಂಎಲ್) ಕಲಿಸಿದ್ದರೆ ಮೊದಲ 24 ಗಂಟೆಗೆ 3 × 15 × 20 = 900 ಎಂಎಲ್ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ. ಅದರ ಅರ್ಧ, 450 ಎಂಎಲ್, ಸುಟ್ಟ ಹೊತ್ತಿನಿಂದ ಎಂಟು ಗಂಟೆಯೊಳಗೆ, ಅಂದರೆ ಸಂಜೆ 4ರೊಳಗೆ ಹೋಗಬೇಕು. ಉಳಿದಿರುವುದು ಐದೇ ಗಂಟೆ. ಹಾಗಾಗಿ ಗಂಟೆಗೆ 90 ಎಂಎಲ್. 20 ಹನಿಗೆ 1 ಎಂಎಲ್ ಬೀಳುವ ಸೆಟ್ ಆದರೆ ನಿಮಿಷಕ್ಕೆ 30 ಹನಿ. ಬಂದ ಗಂಟೆಯಿಂದ ಎಣಿಸಿದವರು 450ನ್ನು ಎಂಟರಿಂದ ಭಾಗಿಸಿ 19 ಹನಿಗೆ ನಿಲ್ಲಿಸುತ್ತಾರೆ, ದ್ರವ ಬೇಕಾದ ಹೊತ್ತಿನಲ್ಲೇ ಮಗುವಿಗೆ ಕಡಿಮೆ ಬೀಳುತ್ತದೆ. ಮಗುವಿನ ನಿತ್ಯದ ಅಗತ್ಯದ ಡೆಕ್ಸ್‌ಟ್ರೋಸ್ ದ್ರವ ಗಂಟೆಗೆ 50 ಎಂಎಲ್ ಇದರ ಜೊತೆಗೆ ಬೇರೆ ಹೋಗಬೇಕು. ಇದನ್ನು ಬಿಟ್ಟವರನ್ನೂ ಗುರುತು ಹಾಕಿಕೊಳ್ಳಿ. ಸೂತ್ರ ಆರಂಭಕ್ಕೆ ಮಾತ್ರ; ಮುಂದೆ ಮೂತ್ರ ಗಂಟೆಗೆ 15 ಎಂಎಲ್ ಬರುತ್ತಿದೆಯೇ ನೋಡಿ ಹನಿ ಏರಿಸಿ ಇಳಿಸಬೇಕೆಂದು ಹೇಳಿದವರಿಗೆ ಪೂರ್ಣ ಅಂಕ ಕೊಡಿ. ನಿಮ್ಮಲ್ಲಿ ಪಾರ್ಕ್‌ಲ್ಯಾಂಡ್ ಎಂಬ ಸೂತ್ರದ 4 ಎಂಎಲ್ ಕಲಿಸಿದ್ದರೆ ಅದನ್ನೇ ಕೇಳಿ, ಎರಡನ್ನೂ ಬೆರೆಸಬೇಡಿ.

ಶೇಕಡಾವಾರಿನಲ್ಲಿ ತಪ್ಪು ಎರಡು ಕಡೆ ಆಗುತ್ತದೆ. ಬರೀ ಕೆಂಪಾದ, ಬೊಬ್ಬೆಯಿಲ್ಲದ ಚರ್ಮವನ್ನೂ ಎಣಿಸಿ 20 ಇದ್ದದ್ದನ್ನು 30 ಮಾಡುತ್ತಾರೆ. ಆಗ 900 ಎಂಎಲ್ ಹೋಗಿ 1,350 ಆಗುತ್ತದೆ. ಇನ್ನೊಂದು, ದೊಡ್ಡವರ ತಲೆಗೆ ಹಿಡಿಯುವ ಶೇ 9ನ್ನು ಹಸುಗೂಸಿಗೂ ಹಾಕುವುದು. ಒಂದು ವರ್ಷದೊಳಗಿನ ಮಗುವಿಗೆ ಅದು 18. ಚದುರಿದ ಗಾಯಕ್ಕೆ ರೋಗಿಯ ಅಂಗೈ, ಬೆರಳು ಸೇರಿ, ಸುಮಾರು ಶೇ 1 ಎಂದು ಲೆಕ್ಕ ಹಿಡಿದರೇ ನೋಡಿ.

ಪ್ರಥಮ ಚಿಕಿತ್ಸೆಯ ಪರೀಕ್ಷೆಯಲ್ಲಿ ಗಾಯದ ಮೇಲೆ ಟೂತ್‌ಪೇಸ್ಟ್ ಅಥವಾ ದೋಸೆಹಿಟ್ಟು ಮೆತ್ತಿರುವಂತೆ ತೋರಿಸಿ, ಏಕೆಂದರೆ ಜನ ಹಾಗೆಯೇ ಬರುತ್ತಾರೆ. ಅದನ್ನು ತೊಳೆದು, ಮೂರು ಗಂಟೆಯೊಳಗಾಗಿದ್ದರೆ 20 ನಿಮಿಷ ಹರಿಯುವ ನೀರು ಬಿಡಬೇಕು. ಐಸ್ ಸಲ್ಲದು, ಗಾಯವಿಲ್ಲದ ಮೈಯನ್ನು ಬೆಚ್ಚಗೆ ಹೊದಿಸಿಡಬೇಕು. ದೊಡ್ಡಾಸ್ಪತ್ರೆಗೆ ಕಳಿಸುವ ರೋಗಿಗೆ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿ ಮುಲಾಮು ಬಳಿದರೆ ಅಲ್ಲಿ ಗಾಯದ ಆಳ ತಿಳಿಯದೆ ಮತ್ತೆ ಉಜ್ಜಿ ತೆಗೆಯಬೇಕಾಗುತ್ತದೆ. ಆ ನೋವನ್ನು ರೋಗಿಗೆ ಕೊಡಬಾರದು. ಶುಭ್ರ ಬಟ್ಟೆ ಮುಚ್ಚಿ ಕಳಿಸಿದವರಿಗೆ ಅಂಕ.

ಅಂಕ ಹಾಕುವವರು ಪಾಠ ಮಾಡಿದವರಾಗಿರಬಾರದು. ತಮ್ಮ ಶಿಷ್ಯರು ಅರ್ಧ ಹೇಳಿದರೂ ಪೂರ್ತಿ ಕೇಳಿಸುವುದು ಸಹಜ.

ಆರು ತಿಂಗಳಿಗೆ ಮತ್ತೆ ಹೋದಾಗ ತರಬೇತಿ ಪಡೆದ ಕೆಲವರು ವರ್ಗವಾಗಿರುತ್ತಾರೆ. ವ್ಯಕ್ತಿಯ ನೆನಪು ಉಳಿದದ್ದನ್ನೂ ಆಸ್ಪತ್ರೆಯ ಅಭ್ಯಾಸ ಬದಲಾದದ್ದನ್ನೂ ಬೇರೆ ಬೇರೆ ಬರೆದಿಡಿ. ಬಳಿಕ ರೆಫರಲ್ ಚೀಟಿಗಳನ್ನು ಹಿಡಿದು ಬರ್ನ್ಸ್ ವಾರ್ಡಿಗೆ ಹೋಗಿ, ತಾಲ್ಲೂಕಿನವರು ಬರೆದ ಶೇಕಡಾವಾರನ್ನು ಅಲ್ಲಿನವರು ಬರೆದದ್ದರ ಪಕ್ಕ ಇಟ್ಟು ಓದಿ. ಎರಡರ ಅಂತರ ತಗ್ಗಿದ್ದರೆ ಪಾಠ ಕೈಗೆ ಹತ್ತಿದೆ ಎನ್ನಬಹುದು. ಇಷ್ಟು ಅಗ್ಗದ, ಇಷ್ಟು ನೇರವಾದ ಅಳತೆ ಬೇರೆ ಇಲ್ಲ.

ಸಾವಿನ ಪ್ರಮಾಣ ಇಳಿಯಿತೇ ಎಂದು ಮೇಲಿನವರು ಕೇಳುತ್ತಾರೆ. ಒಂದು ತಾಲ್ಲೂಕಿನ ಕೇಸುಗಳು ಅದಕ್ಕೆ ತೀರಾ ಕಡಿಮೆ. ಎರಡು ಸಾವು ಹೆಚ್ಚಾದರೂ ಕಡಿಮೆಯಾದರೂ ಏನೂ ಹೇಳಲಾಗದು. ಹೋಲಿಕೆ ಬೇಕೇ ಬೇಕೆಂದರೆ ಅರ್ಧ ತಾಲ್ಲೂಕುಗಳಿಗೆ ಈಗ, ಉಳಿದವಕ್ಕೆ ಆರು ತಿಂಗಳ ನಂತರ ತರಬೇತಿ ಕೊಟ್ಟು, ಎರಡೂ ಕಡೆಯ ಕೇಸ್ ಶೀಟ್‌ಗಳನ್ನು ಒಂದೇ ಅವಧಿಯಲ್ಲಿ ಓದಿ.

ತೂಕ, ಗಂಟೆ, ಲೆಕ್ಕ ಎಲ್ಲ ಬರೆದಿದ್ದು ಮೂತ್ರದ ಅಳತೆ ಮಾತ್ರ ಖಾಲಿ ಇದ್ದರೆ, ಮರುತರಬೇತಿಗೆ ಬರೆಯುವ ಮೊದಲು ಸ್ಟೋರಿಗೆ ಹೋಗಿ 6 ಮತ್ತು 8 ಅಳತೆಯ ಮಕ್ಕಳ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಇದೆಯೇ ನೋಡಿ.