ಈಗಿನ ಅಲೆಯಿಂದ ಮೊದಲಿನ ಅಲೆ ಹುಡುಕುವುದು ಹೇಗೆ?

ಹೊಸಬರು ಮೊದಲು ಮಾಡುವುದು ಒಂದೇ ಕೆಲಸ: ಕಾಲದ ಹೆಜ್ಜೆಗೆ ಮೈನಸ್ ಹಾಕಿ ಪ್ರೋಗ್ರಾಂ ಓಡಿಸುವುದು. ಕೆಲವು ಹೆಜ್ಜೆ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಗೆರೆಯ ಮೇಲೆ ಗರಗಸದ ಹಲ್ಲುಗಳು ಏಳುತ್ತವೆ, ನೋಡನೋಡುತ್ತಲೇ ಪರದೆ ತುಂಬಾ ‘ನ್ಯಾನ್’ (NaN, ‘ಇದು ಸಂಖ್ಯೆಯೇ ಅಲ್ಲ’ ಎಂಬ ಸೂಚನೆ). ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಬರ್ಗರ್ಸ್ ಸಮೀಕರಣ ಹಿಡಿದು ದಾರಿ ಹೇಳುತ್ತೇನೆ. ಅದರಲ್ಲಿ ಅಲೆ ತನ್ನನ್ನು ತಾನೇ ಹೊತ್ತೊಯ್ಯುತ್ತದೆ, ಸ್ನಿಗ್ಧತೆ (ದ್ರವದ ಅಂಟುತನ) ಅದನ್ನು ಸವೆಸುತ್ತದೆ.

ಮೊದಲು, ಈಗಿನ ಅಲೆಯ ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಎಂದು ಬರೆದಿಡಿ.

ಮುಂದೆ, ಏನು ಉಳಿದಿದೆ ಎಂದು ಲೆಕ್ಕ ಹಾಕಿ. ಉದ್ದ 2ಪೈ, ಸ್ನಿಗ್ಧತೆ 0.01, ಕಾಲ 1 ಎನ್ನಿ. ಸವೆತವೊಂದನ್ನೇ ನೋಡಿದರೆ 30ನೇ ತರಂಗ (ಈ ಉದ್ದದಲ್ಲಿ 30 ಸಲ ಏರಿಳಿಯುವ ಭಾಗ) ಸುಮಾರು 8,100 ಪಟ್ಟು ಕುಗ್ಗಿರುತ್ತದೆ. ಹಿಂದಕ್ಕೆ ಹೋದರೆ 0.001ರ ತಪ್ಪು 8 ಆಗಿ ಕೂರುತ್ತದೆ. ಅಲೆಯ ಎತ್ತರ 1ರಷ್ಟಿದ್ದರೆ, ಸುಮಾರು 26ನೇ ತರಂಗದಾಚೆ ನಂಬುವಂಥದ್ದೇನೂ ಸಿಗದು.

ಹಾಪ್ಫ್ (1950) ಮತ್ತು ಕೋಲ್ (1951) ತೋರಿಸಿದ ಬದಲಾವಣೆಯಿಂದ ಇದೇ ಸಮೀಕರಣ, ಶಾಖ ಹರಡುವುದನ್ನು ಹೇಳುವ ಸರಳ ಉಷ್ಣ ಸಮೀಕರಣವಾಗುತ್ತದೆ. ಒಳ್ಳೆಯ ಅಡ್ಡದಾರಿ, ಆದರೆ ಹಿಂದಕ್ಕೆ ಹೋಗುವ ಕಷ್ಟ ಅಲ್ಲೂ ಹಾಗೇ ಇರುತ್ತದೆ.

ಈಗ ಮುಖ್ಯ ಕೆಲಸ. ಆರಂಭದ ಅಲೆಯನ್ನು ಊಹಿಸಿ, ಮುಂದಕ್ಕೆ ಓಡಿಸಿ. ಪ್ರತಿ ಹೆಜ್ಜೆಯ ಅಲೆಯನ್ನೂ ಉಳಿಸಿಡಿ. ಕೊನೆಯದನ್ನಷ್ಟೇ ಇಟ್ಟುಕೊಂಡು ಕೆಡಿಸಿಕೊಳ್ಳುವವರೇ ಜಾಸ್ತಿ. ಕೊನೆಯಲ್ಲಿ ಅಳತೆಗೂ ನಿಮ್ಮ ಅಲೆಗೂ ಇರುವ ಅಂತರ ತೆಗೆದು, ಅದನ್ನು ಅಡ್ಜಾಯಿಂಟ್ ಸಮೀಕರಣಕ್ಕೆ (ಕೊನೆಯ ಅಂತರವನ್ನು ಆರಂಭದ ಊಹೆಯವರೆಗೆ ಹಿಂದಕ್ಕೆ ಒಯ್ಯುವ ಜೋಡಿ ಸಮೀಕರಣ) ಕೊಟ್ಟು ಹಿಂದಕ್ಕೆ ಓಡಿಸಿ. ಇದೂ ಸಿಡಿಯಲ್ವಾ? ಇಲ್ಲ. ಇದರಲ್ಲಿ ಸ್ನಿಗ್ಧತೆಯ ಚಿಹ್ನೆ ತಿರುಗಿರುತ್ತದೆ, ಹಿಂದಕ್ಕೆ ಹೋಗುವಾಗಲೇ ಸವೆಸುತ್ತದೆ. ಸೊನ್ನೆ ಕಾಲಕ್ಕೆ ಬಂದಾಗ ಕೈಗೆ ಸಿಗುವುದೇ ಗ್ರೇಡಿಯೆಂಟ್, ಅಂದರೆ ಊಹೆಯನ್ನು ಎಲ್ಲಿ ಸರಿಸಿದರೆ ಅಂತರ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ. ಅದು ಹೇಳಿದಂತೆ ಊಹೆ ತಿದ್ದಿ, ಮತ್ತೆ ಓಡಿಸಿ.

ಗ್ರೇಡಿಯೆಂಟನ್ನು ಪರೀಕ್ಷಿಸದೆ ಸುಮ್ನೆ ನಂಬಬೇಡಿ. ಊಹೆಯನ್ನು ಒಂದು ದಿಕ್ಕಿಗೆ ಚೂರೇ ಚೂರು ಸರಿಸಿ; ತಪ್ಪಿನ ಮೊತ್ತ (ಅಂತರದ ವರ್ಗಗಳ ಮೊತ್ತದ ಅರ್ಧ) ಬದಲಾದದ್ದನ್ನು ಸರಿಸಿದ ಅಳತೆಯಿಂದ ಭಾಗಿಸಿ. ಆ ದಿಕ್ಕಿಗೆ ಗ್ರೇಡಿಯೆಂಟ್ ಹೇಳುವ ಸಂಖ್ಯೆಯೇ ಬರಬೇಕು. ಬರಲಿಲ್ಲವೆಂದರೆ ಕೋಡ್ ತಪ್ಪು, ಬೇರೆಲ್ಲೂ ಹುಡುಕಬೇಡಿ. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರ 1997ರಿಂದ ಮುನ್ಸೂಚನೆಯ ಆರಂಭಸ್ಥಿತಿಯನ್ನು ಇದೇ ಅಡ್ಜಾಯಿಂಟ್ ಉಪಾಯದಿಂದ ಹುಡುಕುತ್ತಿದೆ.

ಮೊನಚಾದ ಊಹೆಗಳಿಗೆ ಟಿಖೊನೊವ್ ದಂಡ ಹಾಕಿ, ಅಂದರೆ ಊಹೆ ಮೊನಚಾದಷ್ಟೂ ತಪ್ಪಿನ ಮೊತ್ತಕ್ಕೆ ಹೆಚ್ಚು ಸೇರಿಸಿ. ದಂಡದ ತೂಕವನ್ನು ಕಣ್ಣಳತೆಯಲ್ಲಿ ಆರಿಸಬೇಡಿ: ಉಳಿಯುವ ಅಂತರ ನೀವು ಬರೆದಿಟ್ಟ ತಪ್ಪಿನಷ್ಟೇ ಇರಲಿ. ಅದಕ್ಕಿಂತ ಕಡಿಮೆಯಾಯಿತೆಂದರೆ ಅಳತೆಯ ನಾಯ್ಸಿಗೇ (ಗದ್ದಲಕ್ಕೇ) ಊಹೆಯನ್ನು ಹೊಂದಿಸುತ್ತಿದ್ದೀರಿ. ಪರೀಕ್ಷೆಯ ಡೇಟಾ ತಯಾರಿಸಿದ ಗ್ರಿಡ್‌ನಲ್ಲೇ (ಲೆಕ್ಕದ ಚುಕ್ಕಿಗಳ ಜಾಲದಲ್ಲೇ) ಹಿಂದಕ್ಕೆ ಹುಡುಕಲೂ ಬೇಡಿ. ಉತ್ತರ ಸುಂದರವಾಗಿ ಬರುತ್ತದೆ, ನಂಬುವಂತಿರುವುದಿಲ್ಲ.

ಸ್ನಿಗ್ಧತೆ ಸೊನ್ನೆಯಾದರೆ ಎಚ್ಚರ. ಒಂದು ಅಲೆಯ ಎತ್ತರ 0ರ ಜಾಗದಿಂದ 1ರ ಜಾಗದವರೆಗೆ ಇಳಿಜಾರಾಗಿ 1ರಿಂದ 0ಗೆ ಇಳಿಯಲಿ. ಇನ್ನೊಂದು ಅರ್ಧದ (0.5ರ) ಜಾಗದಲ್ಲೇ ಮೆಟ್ಟಿಲಂತೆ 1ರಿಂದ 0ಗೆ ಬೀಳಲಿ. ಕಾಲ 1ಕ್ಕೆ ಎರಡೂ ಒಂದೇ: 1ರ ಜಾಗದಲ್ಲಿ ಒಂದು ಕಡಿದಾದ ಮೆಟ್ಟಿಲು. ಯಾವುದರಿಂದ ಬಂತೆಂದು ಯಾವ ವಿಧಾನವೂ ಹೇಳಲಾರದು. ಇಂಥ ಕಡೆ ಒಂದೇ ಗೆರೆ ಎಳೆದು ಕೊಡಬೇಡಿ. ಎರಡನ್ನೂ ಒಂದೇ ಚಿತ್ರದಲ್ಲಿ ಎಳೆದು ಕೊಡಿ.