ಮಕ್ಕಳ ಖಾತೆಯಿಂದ ಮಕ್ಕಳೇ ರೊಕ್ಕ ತೆಗೆಯಲಿ

ನಮ್ಮ ಕಲಬುರಗಿಯಲ್ಲಿ ಸ್ಕಾಲರ್‌ಶಿಪ್ ಬರಲಿ ಅಂತ ಮಕ್ಕಳ ಹೆಸರಲ್ಲಿ ಬ್ಯಾಂಕ್ ಖಾತೆ ಮಾಡಿಸುವವರು ಬಹಳ. ಆದರೆ ಪಾಸ್‌ಬುಕ್ ಅಲ್ಮಾರಿ ಸೇರಿಬಿಡುತ್ತದೆ. ಅದರಲ್ಲಿ ಎಷ್ಟಿದೆ ಅಂತ ಮಗುವಿಗೆ ಗೊತ್ತೇ ಇರುವುದಿಲ್ಲ. ನಾನು ಶಹಾಬಜಾರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಏಳನೇ ಕ್ಲಾಸಿನ ನನ್ನ ಮಗಳು ತಾನೇ ಚಲನ್ ತುಂಬುತ್ತಾಳೆ ಅಂದರೆ ಅಂಗಡಿಗೆ ಬರುವ ತಾಯಂದಿರು, ಅದು ಹೇಗೆ ಕಲಿಸಿದಿರಿ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

10 ವರ್ಷ ತುಂಬಿದ ಮಗು ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದು. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲೂ ಇದೇ ಇದೆ. ಎಷ್ಟು ಮೊತ್ತದವರೆಗೆ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟಿದ್ದು. ಮಗು 10 ವರ್ಷಕ್ಕಿಂತ ಚಿಕ್ಕದಾಗಿದ್ದರೆ ಪಾಲಕರು ನಡೆಸಬೇಕು. ತಾಯಿಯೂ ಪಾಲಕಳಾಗಬಹುದು. ಹಾಗಾಗಿ ಬ್ಯಾಂಕಿನವರು "ಅವರಪ್ಪನನ್ನ ಕರ್ಕೊಂಡು ಬರ್ರಿ" ಅಂದರೆ ಸುಮ್ನೆ ವಾಪಸ್ ಬರಬೇಡಿ. ಅಂಚೆ ಕಚೇರಿಯಲ್ಲೂ 10 ತುಂಬಿದ ಮಕ್ಕಳು ಸ್ವಂತ ಖಾತೆ ತೆರೆಯಬಹುದು. ಕನಿಷ್ಠ 500 ರೂಪಾಯಿ ಅದರಲ್ಲಿ ಇರಲೇಬೇಕು. ನಾವು ಆರಿಸಿದ್ದು ಅಂಚೆ ಖಾತೆಯನ್ನೇ. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಫೋಟೋ, ಜೊತೆಗೆ ನಿಮ್ಮ ಆಧಾರ್ ಮತ್ತು ಪ್ಯಾನ್ ಒಯ್ಯಿರಿ. ಸಹಿಯನ್ನು ಮಾತ್ರ ಮೊದಲೇ ಮನೆಯಲ್ಲಿ ರೂಢಿ ಮಾಡಿಸಿ. ಪ್ರತಿ ಸಲ ಒಂದೇ ಥರ ಬರಬೇಕು.

ಕೌಂಟರಿನ ಮುಂದೆ ನೀವು ಬಾಯಿ ಹಾಕಬೇಡಿ. ತಾರೀಖು, ಖಾತೆ ನಂಬರ್, ಅಂಕಿಯಲ್ಲಿ ಎಷ್ಟು, ಅಕ್ಷರದಲ್ಲಿ ಎಷ್ಟು, ಎಲ್ಲವನ್ನೂ ಮಗುವೇ ಬರೆಯಲಿ. ನನ್ನ ಮಗಳು ಕನ್ನಡದಲ್ಲೇ ಬರೆಯುತ್ತಾಳೆ. ತಡವಾದರೆ ಹಿಂದಿನವರು ಗೊಣಗುತ್ತಾರೆ. ಅದಕ್ಕೇ ಗದ್ದಲ ಕಡಿಮೆ ಇರುವ ಹೊತ್ತಿಗೆ ಹೋಗಿ.

ರೊಕ್ಕ ಎಲ್ಲಿಂದ ಬರಬೇಕು? ಹಬ್ಬಕ್ಕೆ ಸೋದರಮಾವ ಕೈಯಲ್ಲಿಡುವ ನೋಟು ಇದೆ. ಪಕ್ಕದ ಮನೆಯ ಮಕ್ಕಳಿಗೆ ರಂಜಾನ್ ಈದಿ ಇದೆ. ಬ್ಲೌಸಿಗೆ ಹುಕ್ಕು ಹಚ್ಚಿಕೊಟ್ಟರೆ ಮಗಳಿಗೆ ನಾನು ಕೂಲಿ ಕೊಡುತ್ತೇನೆ. ಕಸ ಗುಡಿಸಿದ್ದಕ್ಕೆ, ಪಾತ್ರೆ ತೊಳೆದಿದ್ದಕ್ಕೆ ಕೊಡುವುದಿಲ್ಲ. ಅದು ಎಲ್ಲರ ಮನೆ, ಎಲ್ಲರ ಕೆಲಸ.

ಕಟ್ಟುವುದನ್ನು ಎಲ್ಲರೂ ಕಲಿಸುತ್ತಾರೆ. ತೆಗೆಯುವುದನ್ನು ಕಲಿಸುವುದೇ ಇಲ್ಲ. ಬರೀ ಕಟ್ಟುತ್ತಾ ಹೋದರೆ ಮಗುವಿನ ಪಾಲಿಗೆ ಅದು ಕಳೆದುಹೋದ ರೊಕ್ಕ, ಅಲ್ವಾ? ಶರಣಬಸವೇಶ್ವರ ಜಾತ್ರೆಗೆ ಮೊದಲು ಮಗಳು ತನ್ನ ಖಾತೆಯಿಂದ 300 ರೂಪಾಯಿ ತೆಗೆದಳು. ಎಷ್ಟು ತೆಗೆಯಬೇಕು ಅಂತ ಅವಳೇ ಹಾಳೆಯಲ್ಲಿ ಲೆಕ್ಕ ಹಾಕಿದ್ದಳು. ಬಳೆ, ತೊಟ್ಟಿಲು, ತಮ್ಮನಿಗೊಂದು ಪೀಪಿ. ಬಳೆ ಅಂಗಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಯಿತು. ತೊಟ್ಟಿಲಿಗೆ ಸಾಲಲಿಲ್ಲ, ಮುಖ ಸಣ್ಣದಾಯಿತು. ನನ್ನ ಪರ್ಸಿನಲ್ಲಿ ರೊಕ್ಕ ಇತ್ತು, ಕೊಡಲಿಲ್ಲ. ಈ ಜಾಗದಲ್ಲಿ ತಾಯಂದಿರ ಮನಸ್ಸು ಕರಗುತ್ತದೆ. ದಯವಿಟ್ಟು ಗಟ್ಟಿ ಇರಿ. ಬೈಯಲೂ ಬೇಡಿ. ಮನೆಗೆ ಬಂದ ಮೇಲೆ ಅದೇ ಹಾಳೆಯಲ್ಲಿ ಅಂದುಕೊಂಡದ್ದು ಎಷ್ಟು, ಆದದ್ದು ಎಷ್ಟು ಅಂತ ಎದುರುಬದುರು ಬರೆಸಿದರೆ ಸಾಕು.

ಇನ್ನೊಂದು ಮಾತು, ನನಗೆ ಬಹಳ ಮುಖ್ಯವಾದದ್ದು. ಮಗುವಿನ ಖಾತೆಗೆ ಮನೆಯವರು ಕೈ ಹಾಕಬಾರದು. "ಮಕ್ಕಳ ರೊಕ್ಕ ಅಂದ್ರ ಮನೀ ರೊಕ್ಕನೇ ಅಲ್ಲೇನು" ಅಂತ ನಮ್ಮ ಅತ್ತೆ ಕೇಳುತ್ತಾರೆ. ಅವರ ಕಾಲದಲ್ಲಿ ಹಾಗೇ ನಡೆದಿತ್ತು. ಆದರೆ ಕೇಳದೆ ತೆಗೆದರೆ ಮಗು ಮತ್ತೆ ನಿಮ್ಮ ಮುಂದೆ ಒಂದು ರೂಪಾಯಿಯನ್ನೂ ಇಡುವುದಿಲ್ಲ. ಮದುವೆ ಸೀಜನ್ ಇಲ್ಲದಾಗ ನನ್ನ ಕೈ ಬಿಗಿಯಾಗುತ್ತದೆ. ಆಗ ಮಗಳನ್ನೇ ಕೇಳುತ್ತೇನೆ. ಎಷ್ಟು, ಯಾವಾಗ ವಾಪಸ್ ಅಂತ ಚೀಟಿ ಬರೆದು ಸಹಿ ಹಾಕುತ್ತೇನೆ. ಹೇಳಿದ ತಾರೀಖಿಗೆ ಕೊಡುತ್ತೇನೆ. ಒಮ್ಮೆ ಅವಳು ಆಗಲ್ಲ ಅಂದಳು. ಅದಕ್ಕೂ ಸರಿ ಅಂದೆ. ಸಾಲ, ಉದ್ರಿ ಅಂದರೆ ಏನು ಅಂತ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಬಡ್ಡಿಯನ್ನು ಮಗುವಿನ ರೊಕ್ಕದ ಮೇಲೇ ಲೆಕ್ಕ ಹಾಕಿಸಿ. ಅಂಚೆ ಉಳಿತಾಯ ಖಾತೆಗೆ ವರ್ಷಕ್ಕೆ ಶೇ. 4 ಬಡ್ಡಿ. 1000 ರೂಪಾಯಿ ವರ್ಷಪೂರ್ತಿ ಇದ್ದರೆ 40 ರೂಪಾಯಿ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅದಕ್ಕೆ ಮಾತ್ರ ಬಡ್ಡಿ ಸಿಗುತ್ತದೆ. ಇದು ಗೊತ್ತಾದ ಮೇಲೆ ಮಗಳು 10ನೇ ತಾರೀಖಿನ ಒಳಗೇ ಕಟ್ಟಲು ಓಡುತ್ತಾಳೆ. ಮಾರ್ಚ್ ಮುಗಿದ ಮೇಲೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಬಡ್ಡಿಯ ಸಾಲನ್ನು ಮಗುವಿನಿಂದಲೇ ಹುಡುಕಿಸಿ.

ಎಟಿಎಂ ಕಾರ್ಡಿಗೆ ಅವಸರ ಬೇಡ. ನೋಟು ಎಣಿಸಿ, ಚಲನ್ ಬರೆದು ರೂಢಿಯಾದ ಮೇಲೆ ಕೊಡಿಸಿ. ಪಿನ್, ಓಟಿಪಿ ಯಾರಿಗೂ ಹೇಳಬಾರದು, ಬ್ಯಾಂಕಿನವರು ಅಂತ ಫೋನ್ ಮಾಡಿದರೂ ಹೇಳಬಾರದು ಅನ್ನುವುದನ್ನು ಕಾರ್ಡು ಕೈಗೆ ಬರುವ ಮೊದಲೇ ಕಲಿಸಿ. 18 ತುಂಬಿದಾಗ ಹೊಸ ಸಹಿ ಮತ್ತು ದಾಖಲೆ ಕೊಡಬೇಕಾಗುತ್ತದೆ. ಆ ಕೆಲಸಕ್ಕೆ ಮಗು ಒಂದೇ ಹೋಗಿ ಬರಲಿ.