ಮಿನಿಡಿವಿ ಟೇಪ್: ಮರುಎಡಿಟಿಂಗ್‌ನಲ್ಲಿ ಬರುವ ಬಾಚಣಿಗೆ ಗೆರೆ ಹೋಗಿಸಿದ್ದು ಹೀಗೆ

ಹಳೆಯ ಕ್ಯಾಮ್‌ಕಾರ್ಡರ್‌ನ ಮಿನಿಡಿವಿ ಟೇಪ್‌ನಿಂದ ಕಂಪ್ಯೂಟರಿಗೆ ಇಳಿಸಿಟ್ಟ ವಿಡಿಯೊ ಮತ್ತೆ ಎಡಿಟ್ ಮಾಡಿದರೆ ಕೈ ಬೀಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ, ನೆರಳಿನಲ್ಲಿ ಚೌಕಚೌಕ ಕಲೆ. ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಏರಿಸಿದರೂ, ಡಿಇಂಟರ್‌ಲೇಸ್ ಫಿಲ್ಟರ್ (ಗೆರೆ ಬಿಟ್ಟು ಗೆರೆ ಇರುವ ಅರ್ಧ ಚಿತ್ರಗಳನ್ನು ಪೂರ್ತಿ ಚಿತ್ರ ಮಾಡುವುದು) ಬದಲಿಸಿದರೂ ಹೋಗಲಿಲ್ಲ. ಯುಎಸ್‌ಬಿಯಲ್ಲಿ ಇಳಿಸಿದ್ದು ಇನ್ನೂ ಕಳಪೆ. ಹಲವು ಕ್ಯಾಮೆರಾಗಳು ಅದರಲ್ಲಿ ಕಳಿಸುವುದೇ ಕುಗ್ಗಿಸಿದ ಚಿತ್ರ.

ಎಡವಟ್ಟು ಮೊದಲ ಹೆಜ್ಜೆಯಲ್ಲೇ ಇತ್ತು. ಎಂಪಿ4 ಮಾಡುತ್ತಾ ಗಾತ್ರ ಕುಗ್ಗಿಸಿದಾಗ ಪ್ರತಿ ಫ್ರೇಮಿನ ಎರಡು ಫೀಲ್ಡ್‌ಗಳು (ಸಮ, ಬೆಸ ಗೆರೆಗಳ ಅರ್ಧ ಚಿತ್ರಗಳು) ಬೆರೆತುಹೋಗಿದ್ದವು. ಬೆರೆತದ್ದನ್ನು ಯಾವ ಫಿಲ್ಟರೂ ಬಿಡಿಸದು.

ಫೈರ್‌ವೈರ್ ಕೇಬಲ್‌ನಲ್ಲಿ, ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಬದಲಿಸದೆ, ಟೇಪಿನಲ್ಲಿರುವ ಡಿವಿ ರೂಪದಲ್ಲೇ ಇಳಿಸಿ. ಗಂಟೆಗೆ ಸುಮಾರು 13 ಜಿಬಿ ಬೇಕು. ಜಾಗ ಉಳಿಸಲು ಹೋಗಬೇಡಿ. ಪಾಲ್ (ಭಾರತದಲ್ಲಿ ಬಳಕೆಯಲ್ಲಿದ್ದ ಟಿವಿ ಪದ್ಧತಿ) ಟೇಪಾದರೆ ಪ್ರಾಜೆಕ್ಟ್ ಸೆಟ್ಟಿಂಗ್ 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್, ಕೆಳಗಿನ ಫೀಲ್ಡ್ ಮೊದಲು. ಮೇಲಿನದು ಮೊದಲು ಎಂದಿಟ್ಟರೆ ಚಲನೆ ಹಿಂದೆಮುಂದೆ ತುಯ್ದಾಡುತ್ತದೆ. ಡಿಇಂಟರ್‌ಲೇಸ್ ಕೊನೆಯ ಎಕ್ಸ್‌ಪೋರ್ಟ್‌ನಲ್ಲಿ ಮಾತ್ರ, ಸೆಕೆಂಡಿಗೆ 50 ಫ್ರೇಮ್‌ಗೆ. ಕತ್ತರಿಸದ ಡಿವಿ ಫೈಲ್ ಎರಡು ಡಿಸ್ಕ್‌ಗಳಲ್ಲಿರಲಿ.